ಧಾನ್ಯ ರಫ್ತು: ಸಸ್ಯ ಆರೋಗ್ಯ ಪ್ರಮಾಣಪತ್ರ ಮತ್ತು ಪರವಾನಗಿ

ದಾವಣಗೆರೆ ಜಿಲ್ಲೆಯು ಮೆಕ್ಕೆಜೋಳಕ್ಕೆ ಹೆಸರಾದುದು. ಭದ್ರಾ ನಾಲೆಯ ನೀರಿನಿಂದ ಹರಿಹರ ಭಾಗದಲ್ಲಿ ಭತ್ತವೂ ಹೇರಳ. ಈ ಸರಕನ್ನು ಬೇರೆಯವರ ಮೂಲಕ ಕಳುಹಿಸುವ ಬದಲು ಸ್ವಂತ ಹೆಸರಿನಲ್ಲಿಯೇ ರಫ್ತು ಮಾಡಬೇಕೆಂಬ ಅಪೇಕ್ಷೆ ಸ್ಥಳೀಯ ವರ್ತಕರಲ್ಲಿ ಸಹಜ. ಆಮದು-ರಫ್ತು ಕೋಡ್ ಸಂಖ್ಯೆ ಹಾಗೂ ಅಪೆಡಾ ನೋಂದಣಿ ಪಡೆಯುವುದು ಇಂದು ಕಷ್ಟವೇನಲ್ಲ. ಆದರೆ ಸರಕು ಭಾರತದಿಂದ ಹೊರಡಬಹುದೇ ಎಂಬುದು ಒಂದು ಪ್ರಶ್ನೆ. ಕೊಳ್ಳುವ ದೇಶದೊಳಗೆ ಪ್ರವೇಶಿಸಬಹುದೇ ಎಂಬುದು ಬೇರೆಯೇ ಪ್ರಶ್ನೆ. ಒಂದರ ಉತ್ತರವನ್ನು ಇನ್ನೊಂದಕ್ಕೂ ಅನ್ವಯಿಸಿಕೊಂಡಲ್ಲಿ ನಷ್ಟ ಖಚಿತ.

ಮೊದಲನೆಯದಕ್ಕೆ ಉತ್ತರ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಸೂಚನೆಗಳಲ್ಲಿದೆ. ಇವು ರಾತ್ರಿ ಬೆಳಗಾಗುವುದರೊಳಗೆ ಬದಲಾಗಬಲ್ಲವು. 2008ರ ಜುಲೈನಲ್ಲಿ ಮೆಕ್ಕೆಜೋಳದ ರಫ್ತನ್ನೇ ಅಕ್ಟೋಬರ್ ಮಧ್ಯದವರೆಗೆ ನಿಷೇಧಿಸಲಾಗಿತ್ತು. 2023ರ ಜುಲೈ 20ರಂದು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತು ನಿಂತಾಗ, ಹಡಗಿಗೆ ತುಂಬುವ ಕಾರ್ಯ ಆಗಲೇ ಆರಂಭವಾಗಿದ್ದಂತಹ ಕೆಲವು ಸರಕುಗಳಿಗಷ್ಟೇ ವಿನಾಯಿತಿ ದೊರೆಯಿತು. ಕೈಯಲ್ಲಿ ಎಲ್‌ಸಿ ಇದ್ದವರಿಗೂ ಎಂದಿನ ರಿಯಾಯಿತಿ ಸಿಗಲಿಲ್ಲ. ಆ ನಿಷೇಧ 2024ರ ಸೆಪ್ಟೆಂಬರ್‌ನಲ್ಲಿ ತೆರವಾಯಿತು. 2025ರ ಸೆಪ್ಟೆಂಬರ್ 24ರ ಅಧಿಸೂಚನೆಯು ಬಾಸ್ಮತಿಯೇತರ ಅಕ್ಕಿಯ ರಫ್ತು ಕರಾರನ್ನು ಅಪೆಡಾದಲ್ಲಿ ನೋಂದಾಯಿಸುವುದನ್ನು ಕಡ್ಡಾಯಗೊಳಿಸಿತು. ಆದುದರಿಂದ ಕರಾರಿಗೆ ಸಹಿ ಹಾಕುವ ದಿನ ಒಮ್ಮೆ, ಲಾರಿ ಹೊರಡುವ ಮುನ್ನ ಮತ್ತೊಮ್ಮೆ ನೀತಿಯನ್ನು ಪರಿಶೀಲಿಸತಕ್ಕದ್ದು. ಸರ್ಕಾರದ ಆದೇಶದಿಂದ ರಫ್ತು ನಿಂತರೆ ಹೊಣೆ ಯಾರದೆಂಬ ಷರತ್ತೂ ಕರಾರಿನಲ್ಲಿರಬೇಕು.

ಎರಡನೆಯ ಪ್ರಶ್ನೆ ಸಸ್ಯ ಆರೋಗ್ಯಕ್ಕೆ ಸಂಬಂಧಿಸಿದ್ದು. 1951ರ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಡಂಬಡಿಕೆಯ ಅನ್ವಯ, ಸರಕು ಕೊಳ್ಳುವ ದೇಶದ ನಿಯಮಗಳಿಗೆ ಹೊಂದುತ್ತದೆಂದು ರಫ್ತು ಮಾಡುವ ದೇಶದ ಅಧಿಕಾರಿ ಫೈಟೊಸ್ಯಾನಿಟರಿ ಪ್ರಮಾಣಪತ್ರ ನೀಡುತ್ತಾರೆ. ಇಲ್ಲಿಯ ನಿಯಮವಲ್ಲ, ಅಲ್ಲಿಯ ನಿಯಮ ಎಂಬುದೇ ಇದರ ತಿರುಳು. ಹಾಗಾಗಿ ಆಮದು ಪರವಾನಗಿ ಅಗತ್ಯವಿರುವ ದೇಶವಾದರೆ ಕೊಳ್ಳುವವನು ಅದನ್ನು ಮೊದಲೇ ಪಡೆದು ಅದರ ಪ್ರತಿಯನ್ನು ಕಳುಹಿಸಬೇಕು. ಯಾವ ಕೀಟ ಇರಕೂಡದು, ಯಾವ ಧೂಮೀಕರಣ ಬೇಕು, ಯಾವ ಹೆಚ್ಚುವರಿ ಘೋಷಣೆ ಇರಬೇಕು ಎಂಬುದು ಅದರಲ್ಲಿರುತ್ತದೆ. ಅದನ್ನು ನೋಡದೆ ಬೆಲೆ ಒಪ್ಪುವುದು ಅಳತೆ ತಿಳಿಯದೆ ಬಟ್ಟೆ ಹೊಲಿದಂತೆ.

ಕೇಂದ್ರ ಸರ್ಕಾರದ ಸಸ್ಯ ಕ್ವಾರಂಟೈನ್ ಕೇಂದ್ರಗಳು ಬೆಂಗಳೂರು, ಮಂಗಳೂರುಗಳಲ್ಲಿವೆ. ಅರ್ಜಿ ಆನ್‌ಲೈನ್‌ನಲ್ಲಿ, ನಂತರ ಮಾದರಿ ತೆಗೆದು ತಪಾಸಣೆ. ಗೋದಾಮಿನ ಧಾನ್ಯಕ್ಕೆ ಬಹು ಅಪಾಯಕಾರಿಯಾದುದು ಖಾಪ್ರಾ ದುಂಬಿ. ಅಮೆರಿಕ, ಆಸ್ಟ್ರೇಲಿಯಾ ಮೊದಲಾದ ದೇಶಗಳು ಇದನ್ನು ಅತ್ಯಂತ ಕಟ್ಟುನಿಟ್ಟಾಗಿ ತಡೆಯುತ್ತವೆ. ಇದರ ಮರಿಹುಳು ಆಹಾರವಿಲ್ಲದೆಯೂ ಗೋಡೆಯ ಸಂದುಗಳಲ್ಲಿ ದೀರ್ಘಕಾಲ ಬದುಕಬಲ್ಲದು. ಹಳೆಯ ಗೋಣಿಚೀಲಗಳಲ್ಲಿಯೂ ಅಡಗುತ್ತದೆ. ಚೀಲ ಉಳಿಸಲು ಹೋಗಿ ಕಂಟೇನರ್ ಕಳೆದುಕೊಳ್ಳುವುದು ಬೇಡ. ಧೂಮೀಕರಣವನ್ನು ಮಾನ್ಯತೆ ಪಡೆದ ಸಂಸ್ಥೆಯಿಂದಲೇ ಮಾಡಿಸತಕ್ಕದ್ದು. ಅಲ್ಯೂಮಿನಿಯಂ ಫಾಸ್ಫೈಡ್‌ಗೆ ಹಲವು ದಿನಗಳು ಬೇಕು. ಹಡಗಿನ ದಿನಾಂಕ ಹಿಡಿಯುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮರದ ಹಲಗೆ ಬಳಸಿದರೆ ಅದಕ್ಕೂ ಉಪಚಾರದ ಮುದ್ರೆ ಬೇಕು. ಅಫ್ಲಾಟಾಕ್ಸಿನ್ ಈ ಪ್ರಮಾಣಪತ್ರದ ವ್ಯಾಪ್ತಿಗೆ ಬಾರದು; ಅದಕ್ಕೆ ಪ್ರತ್ಯೇಕ ಪ್ರಯೋಗಾಲಯ ವರದಿ.

ಕಚೇರಿ ನಿಜಲಿಂಗಪ್ಪ ಬಡಾವಣೆಯ ಮನೆಯಲ್ಲಿ, ಗೋದಾಮು ಮಾರುಕಟ್ಟೆ ಪ್ರಾಂಗಣದ ಬಳಿ ಎಂಬಂತಹ ಸಂಸ್ಥೆಗಳು ನೋಂದಾಯಿತ ಹೆಸರು ಮತ್ತು ವಿಳಾಸವನ್ನು ಎಲ್ಲ ದಾಖಲೆಗಳಲ್ಲಿಯೂ ಒಂದೇ ರೀತಿ ಬರೆಯಬೇಕು. ಪ್ರಮಾಣಪತ್ರ, ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್‌ಗಳು ಪರಸ್ಪರ ತಾಳೆಯಾಗದಿದ್ದರೆ, ಸರಕು ಚೆನ್ನಾಗಿದ್ದರೂ ಬ್ಯಾಂಕು ಹಣ ತಡೆಹಿಡಿಯುತ್ತದೆ.

ತೆರಿಗೆಯ ಬಗ್ಗೆ ಒಂದು ಮಾತು. ಗೋದಾಮಿನಲ್ಲಿ ಕೃಷಿ ಉತ್ಪನ್ನದ ಧೂಮೀಕರಣಕ್ಕಿದ್ದ ಜಿಎಸ್‌ಟಿ ವಿನಾಯಿತಿ 2022ರ ಜುಲೈ 18ರಿಂದ ರದ್ದಾಗಿದೆ. ಆದರೆ ರಫ್ತು ಶೂನ್ಯ ದರದ ಪೂರೈಕೆಯಾದುದರಿಂದ, ತೆರಿಗೆ ವಿನಾಯಿತಿಯುಳ್ಳ ಧಾನ್ಯವನ್ನು ರಫ್ತು ಮಾಡಿದಾಗಲೂ ಇಂತಹ ಖರ್ಚಿನ ಮೇಲಿನ ಹೂಡುವಳಿ ತೆರಿಗೆಯ ಮರುಪಾವತಿ ಕೇಳಬಹುದು. ಧೂಮೀಕರಣದ ಬಿಲ್ಲನ್ನು ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯೊಂದಿಗೆ ಪಡೆದಿಟ್ಟುಕೊಳ್ಳತಕ್ಕದ್ದು.