ಹುಟ್ಟುವಾಗಲೇ ಭದ್ರ

ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ನಮ್ಮ ಕಾಯ್ದೆಯಂತೆ ಲೇಖಕರ ಕೃತಿಸ್ವಾಮ್ಯ ಅವರ ನಿಧನದ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. ಹಾಗಾಗಿ ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತು. ಅವನ್ನು ಕಂಪ್ಯೂಟರಿಗೆ ಊಡಿಸಿ ಪದಸೂಚಿ ಸಿದ್ಧಪಡಿಸಲು ಈಗ ಯಾರ ಅಪ್ಪಣೆಯೂ ಬೇಡ.

ಇಂಥ ಕೆಲಸಕ್ಕೆ ಪೈಥಾನ್ ಒಳ್ಳೆಯ ಭಾಷೆ. ಆದರೆ ಲಕ್ಷಗಟ್ಟಲೆ ಪದಗಳನ್ನು ಅಕ್ಷರ ಅಕ್ಷರವಾಗಿ ಜಾಲಾಡುವಾಗ ನಿಧಾನ. ವೇಗ ಬೇಕಾದ ಭಾಗವನ್ನು ಸೈಥಾನ್‌ನಲ್ಲಿ ಬರೆಯಬಹುದು. 2007ರಲ್ಲಿ ಪೈರೆಕ್ಸ್‌ನಿಂದ ಕವಲೊಡೆದ ಈ ಭಾಷೆ ನಾವು ಬರೆದದ್ದನ್ನು ಸಿ ಭಾಷೆಗೆ ತಿರುಗಿಸುತ್ತದೆ. ಅದನ್ನು ಕಂಪೈಲ್ ಮಾಡಿದರೆ ಪೈಥಾನ್‌ಗೆ ಹೊಸದೊಂದು ಕ್ಲಾಸ್ ಸಿಗುತ್ತದೆ.

ವೇಗದ ಜೊತೆಗೆ ಮೆಮೊರಿಯ ಹೊಣೆಯೂ ಬರುತ್ತದೆ. ‘ಮಂಜೇಶ್ವರ’ ಎಂಬ ಪದಕ್ಕೆ ಯೂನಿಕೋಡ್‌ನಲ್ಲಿ 8 ಸಂಕೇತಗಳು, ಯುಟಿಎಫ್-8ರಲ್ಲಿ 24 ಬೈಟ್‌ಗಳು. ಸಿ ಮಟ್ಟದಲ್ಲಿ ಆ ಜಾಗವನ್ನು ನಾವೇ ಕೇಳಿ ಪಡೆಯಬೇಕು, ನಾವೇ ಮರಳಿಸಬೇಕು. ಪಡೆಯದ ಜಾಗದಲ್ಲಿ ಬರೆಯಹೊರಟರೆ ದೋಷಸಂದೇಶವೂ ಇಲ್ಲದೆ ಇಡೀ ಪ್ರೋಗ್ರಾಮ್ ಕುಸಿಯಬಹುದು.

ಪೈಥಾನ್ ರೂಢಿಯವರು ಜಾಗ ಪಡೆಯುವ ಕೆಲಸವನ್ನು ಆಬ್ಜೆಕ್ಟನ್ನು ಸಿದ್ಧಗೊಳಿಸುವ ‘ಇನಿಟ್’ ಮೆಥಡ್‌ಗೆ ಬಿಡುತ್ತಾರೆ. ಆದರೆ ಅದು ನಡೆದೇ ತೀರುತ್ತದೆಂಬ ಖಾತರಿಯಿಲ್ಲ. ನಮ್ಮ ಕ್ಲಾಸಿನಿಂದ ಇನ್ನೊಂದನ್ನು ಕಟ್ಟಿದವರು ಮೂಲದ ಇನಿಟ್ಟನ್ನು ಕರೆಯಲು ಮರೆಯಬಹುದು. ಎರಡು ಸಲ ಕರೆದರೆ ಮೊದಲು ಪಡೆದ ಜಾಗ ಯಾರ ಕೈಗೂ ಸಿಗದೆ ಸೋರಿಹೋಗುತ್ತದೆ.

ಇದಕ್ಕೆಂದೇ ಸೈಥಾನ್‌ನಲ್ಲಿ ‘ಸಿ-ಇನಿಟ್’ ಇದೆ. ಆಬ್ಜೆಕ್ಟ್ ಹುಟ್ಟುವಾಗ, ಇನಿಟ್‌ಗಿಂತ ಮೊದಲು, ಅದು ಒಂದೇ ಒಂದು ಸಲ ನಡೆಯುತ್ತದೆ. ಮೂಲ ಕ್ಲಾಸಿಗೂ ಸಿ-ಇನಿಟ್ ಇದ್ದರೆ ಅದು ತಾನಾಗಿಯೇ ಮುಂಚೆ ನಡೆದಿರುತ್ತದೆ. ಆ ಹೊತ್ತಿಗೆ ಜಾಗದ ವಿಳಾಸ ಹಿಡಿದಿಡುವ ಸಿ ಮಟ್ಟದ ಪಾಯಿಂಟರ್‌ಗಳೆಲ್ಲ ಸೊನ್ನೆಯಾಗಿರುತ್ತವೆ. ಈ ಸೊನ್ನೆಯಿಂದ ದೊಡ್ಡ ಉಪಕಾರವಿದೆ. ಮೆಮೊರಿ ಸಿಗದೆ ಸಿ-ಇನಿಟ್ ಅರ್ಧಕ್ಕೇ ನಿಂತರೂ ಆಬ್ಜೆಕ್ಟನ್ನು ಕಳಚುವ ‘ಡಿಅಲಾಕ್’ ನಡೆಯುತ್ತದೆ. ಪಾಯಿಂಟರ್ ಸೊನ್ನೆಯಾಗಿದ್ದರೆ ಮರಳಿಸಬೇಕಾದದ್ದು ಏನೂ ಇಲ್ಲವೆಂದು ಅದಕ್ಕೆ ತಿಳಿಯುತ್ತದೆ. ಅಲ್ಲಿ ಕಸವಿದ್ದಿದ್ದರೆ ತನ್ನದಲ್ಲದ ಜಾಗವನ್ನು ಬಿಟ್ಟುಕೊಡಲು ಹೋಗಿ ಅನಾಹುತವಾಗುತ್ತಿತ್ತು.

ಹಾಗೆಂದು ಎಲ್ಲವನ್ನೂ ಸಿ-ಇನಿಟ್‌ಗೆ ಹೊರಿಸಬಾರದು. ಅಲ್ಲಿ ಆಬ್ಜೆಕ್ಟ್ ಇನ್ನೂ ಪೂರ್ತಿ ರೂಪುಗೊಂಡಿರುವುದಿಲ್ಲ. ಅದರ ಪೈಥಾನ್ ಮೆಥಡ್ ಒಂದನ್ನು ಕರೆದರೆ, ಮರಿ ಕ್ಲಾಸಿನವರು ಬದಲಿಸಿ ಬರೆದ ರೂಪ ಅರೆಬರೆ ಆಬ್ಜೆಕ್ಟಿನ ಮೇಲೆ ಓಡೀತು. ಮೆಮೊರಿ ಪಡೆಯುವುದು ಸಿ-ಇನಿಟ್‌ನಲ್ಲಿ, ಪದಪಟ್ಟಿ ತುಂಬುವಂಥ ಉಳಿದ ಸಿದ್ಧತೆ ಇನಿಟ್‌ನಲ್ಲಿ, ಮರಳಿಸುವುದು ಡಿಅಲಾಕ್‌ನಲ್ಲಿ. ಈ ಹಂಚಿಕೆ ಪಾಲಿಸಿದರೆ ಇನಿಟ್ ನಡೆಯದ ಆಬ್ಜೆಕ್ಟಿನಲ್ಲಿ ಪದಗಳು ಇಲ್ಲದಿರಬಹುದು, ಆದರೆ ಪ್ರೋಗ್ರಾಮ್ ಕುಸಿಯದು.

ಕನ್ನಡಕ್ಕೆ ಬೇಕಾದ ಇಂಥ ಸಲಕರಣೆಗಳನ್ನು ನಾಳೆ ಬಳಸುವವರು ಭಾಷಾ ವಿದ್ಯಾರ್ಥಿಗಳು, ಸಂಶೋಧಕರು. ಅವರು ಸಿ ಭಾಷೆಯ ಮೆಮೊರಿ ನಿಯಮ ಕಲಿತಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆ ಎಚ್ಚರ ಕ್ಲಾಸನ್ನು ಕಟ್ಟುವವರದೇ ಆಗಿರಬೇಕು.