ಅವನಿಗೆ ಕೆಲಸ ಬರುವುದಿಲ್ಲವೋ, ನಮಗೆ ಕೆಲಸ ಹೇಳಲು ಬರುವುದಿಲ್ಲವೋ?

ಹಲಗೇರಿಯಲ್ಲಿ ಒಂದು ಸಂಜೆ ಮಕ್ಕಳನ್ನೆಲ್ಲ ಕಳಿಸಿ ನಾವು ಮದ್ರಸದ ಬಾಗಿಲು ಹಾಕುತ್ತಿದ್ದಾಗ ಒಬ್ಬ ತಾಯಿ ಬಂದು ನಿಂತರು. ಅವರ ಹಿಂದೆ ಮಗ, ವಯಸ್ಸು 24. ಮಂಗಳೂರು ಕಡೆಯಿಂದ ಬಂದು ಈ ರಾಣೇಬೆನ್ನೂರು, ಬ್ಯಾಡಗಿ ಭಾಗದಲ್ಲಿ ಹೋಟೆಲ್, ಬೇಕರಿ ಇಟ್ಟುಕೊಂಡಿರುವ ನಮ್ಮವರೊಬ್ಬರ ಬಳಿ ಕೆಲಸಕ್ಕಿದ್ದ. ನಾಲ್ಕೇ ತಿಂಗಳಿಗೆ ಲೆಕ್ಕ ಚುಕ್ತಾ ಮಾಡಿ ಮನೆಗೆ ಕಳಿಸಿದ್ದರು. ಅವನು ಕಳೆದುಕೊಂಡ ಮೂರನೆಯ ಕೆಲಸ ಅದು.

"ಉಸ್ತಾದರೇ, ಎಲ್ಲರೂ ಇವನಿಗೆ ಮಂಡೆ ಇಲ್ಲ ಅಂತಾರೆ. ನೀವು ಕಲಿಸಿದವರು. ನೀವೇ ಹೇಳಿ, ನಿಜವಾಗಿಯೂ ಮಂಡೆ ಇಲ್ಲವಾ?"

ನಮಗೆ ತಟ್ಟನೆ ಉತ್ತರ ಕೊಡಲಾಗಲಿಲ್ಲ. ಈ ಹುಡುಗ ನಮ್ಮ ತರಗತಿಯಲ್ಲಿ ಕೂತವನು. ಪುಸ್ತಕ ನೋಡಿ ಓದು ಎಂದರೆ ತಡವರಿಸುತ್ತಿದ್ದ, ಅಕ್ಷರ ಹಿಂದುಮುಂದು ಮಾಡುತ್ತಿದ್ದ. ಆದರೆ ನಾವು ಓದಿದ್ದನ್ನು ಎರಡು ಸಲ ಕೇಳಿದರೆ ಸಾಕು, ಮೂರನೇ ಸಲ ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ಆಗ ನಾವು ಏನು ಮಾಡಿದೆವು? "ಬರುತ್ತದೆ, ಆದರೂ ಓದುವುದಿಲ್ಲ, ಸೋಮಾರಿ" ಎಂದು ಎಲ್ಲರ ಎದುರು ಎದ್ದು ನಿಲ್ಲಿಸಿದೆವು. ಬೇಕರಿಯ ಮಾಲಕರನ್ನು ದೂರುವ ಮೊದಲು ಈ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಮರುದಿನ ಆ ಬೇಕರಿಗೆ ಹೋಗಿ ವಿಚಾರಿಸಿದೆವು. "ಹುಡುಗ ಪ್ರಾಮಾಣಿಕ ಉಸ್ತಾದರೇ, ಒಂದು ರೂಪಾಯಿ ಮುಟ್ಟಿದವನಲ್ಲ. ಆದ್ರೆ ಹೇಳಿದ್ದು ತಲೆಗೆ ಹೋಗಲ್ಲ" ಎಂದರು. ಹೇಗೆ ಹೇಳುತ್ತಿದ್ದಿರಿ ಎಂದು ಕೇಳಿದೆವು. "ಎರಡು ಚಹಾ ಕೊಡು, ಆ ಟೇಬಲ್ ಒರೆಸು, ಹೋಗುವಾಗ ಒಲೆ ನೋಡು" ಎಂದು ಗಲ್ಲಾದಿಂದಲೇ ಒಂದೇ ಉಸಿರಿನಲ್ಲಿ ಕೂಗುತ್ತಿದ್ದರಂತೆ. ಅವನು ಚಹಾ ಕೊಟ್ಟು ಸುಮ್ಮನೆ ನಿಂತುಬಿಡುತ್ತಿದ್ದ. ಗ್ರೈಂಡರ್ ಹಾಕಿದರೆ ಕಿವಿ ಮುಚ್ಚಿಕೊಂಡು ಹೊರಗೆ ಹೋಗುತ್ತಿದ್ದ. ಗಿರಾಕಿಗಳ ಮುಖ ನೋಡಿ ಮಾತಾಡುತ್ತಿರಲಿಲ್ಲ. ಅದನ್ನು ಅಹಂಕಾರ ಎಂದುಕೊಂಡಿದ್ದರು.

ಮಂದಬುದ್ಧಿಯಲ್ಲ, ಬೇರೆ ಬಗೆಯ ಬುದ್ಧಿ

ಹೆಚ್ಚಿನವರ ಮೆದುಳು ಕೆಲಸ ಮಾಡುವ ರೀತಿಗಿಂತ ಬೇರೆ ರೀತಿಯಲ್ಲಿ ಮೆದುಳು ಕೆಲಸ ಮಾಡುವವರನ್ನು ಈಗ ನ್ಯೂರೋಡೈವರ್ಜೆಂಟ್ ಎನ್ನುತ್ತಾರೆ. ಆಟಿಸಂ, ಓದು ಬರಹದಲ್ಲಿ ತೊಡಕಾಗುವ ಡಿಸ್ಲೆಕ್ಸಿಯಾ, ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ಇದರಲ್ಲಿ ಬರುತ್ತವೆ. ಇದು ಹುಟ್ಟಿನಿಂದಲೇ ಬರುವಂಥದ್ದು. ತಾಯಿ ಸಾಕಿದ್ದರಲ್ಲಿ ತಪ್ಪಾಗಿ ಬಂದದ್ದಲ್ಲ, ಯಾರ ದೃಷ್ಟಿ ತಾಗಿಯೂ ಬಂದದ್ದಲ್ಲ. ಈ ಹುಡುಗನಿಗೂ ಮನೆಯವರು ನೂಲು ಕಟ್ಟಿಸಿದ್ದರು. ಪ್ರಾರ್ಥನೆ ಇರಲಿ, ಬೇಡ ಎನ್ನುವವರು ನಾವಲ್ಲ. ಆದರೆ ನೂಲು ಕಟ್ಟಿಸಿದೆವೆಂದು ಡಾಕ್ಟರಲ್ಲಿಗೆ ಹೋಗುವುದನ್ನು ಬಿಡಬಾರದು.

ಇಷ್ಟು ವರ್ಷ ಇದು ಯಾರಿಗೂ ಯಾಕೆ ಗೊತ್ತಾಗಲಿಲ್ಲ? 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು ಏಳೇ ಬಗೆ. ಆಟಿಸಂ, ಡಿಸ್ಲೆಕ್ಸಿಯಾ ಅದರಲ್ಲಿ ಇರಲೇ ಇಲ್ಲ. 2016ರಲ್ಲಿ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಹೇಳಿತು, 2017ರ ಏಪ್ರಿಲ್‌ನಿಂದ ಜಾರಿಗೆ ಬಂತು. ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ ಈಗ ಪಟ್ಟಿಯಲ್ಲಿವೆ. ಎಡಿಎಚ್‌ಡಿಗೆ ಅಲ್ಲಿ ಪ್ರತ್ಯೇಕ ಹೆಸರಿಲ್ಲ. ಅಂದರೆ ಇಂದು ಇಪ್ಪತ್ತೈದು, ಮೂವತ್ತು, ನಲವತ್ತರ ವಯಸ್ಸಿನಲ್ಲಿ ದುಡಿಯುತ್ತಿರುವವರು ಶಾಲೆಗೆ ಸೇರಿದ ಕಾಲಕ್ಕೆ ಆ ಕಾಯ್ದೆಯ ಪಟ್ಟಿಯಲ್ಲೇ ಇವರ ಕಷ್ಟ ಇರಲಿಲ್ಲ. ಮೇಷ್ಟ್ರಿಗೆ, ಉಸ್ತಾದರಿಗೆ ಎಲ್ಲಿಂದ ಗೊತ್ತಾಗಬೇಕು?

ತಪಾಸಣೆ ಎಂದರೆ ಏನು?

ಆ ತಾಯಿ ಮಗನ ಜೊತೆ ನಾವೂ ಸರಕಾರಿ ಆಸ್ಪತ್ರೆಗೆ ಹೋದೆವು. ರಕ್ತ ಪರೀಕ್ಷೆಯಲ್ಲಿ, ಸ್ಕ್ಯಾನಿಂಗಿನಲ್ಲಿ ಇದು ಕಾಣುವುದಿಲ್ಲ. ಮಾತಾಡಿಸಿ, ನೋಡಿ, ಕೇಳಿ ತಿಳಿಯಬೇಕು. ಮನೋವೈದ್ಯರು ಮತ್ತು ಕ್ಲಿನಿಕಲ್ ಸೈಕಾಲಜಿಸ್ಟ್ ಹುಡುಗನಿಗಿಂತ ಹೆಚ್ಚು ತಾಯಿಯನ್ನೇ ಕೇಳಿದರು. ಎಷ್ಟನೇ ವಯಸ್ಸಿಗೆ ಮಾತು ಬಂತು, ಬೇರೆ ಮಕ್ಕಳ ಜೊತೆ ಆಡುತ್ತಿದ್ದನಾ, ಯಾವ ಸದ್ದಿಗೆ ಹೆದರುತ್ತಿದ್ದ, ಹೀಗೆ. ದೊಡ್ಡವರ ತಪಾಸಣೆಯಲ್ಲಿ ಬಾಲ್ಯದ ವಿಷಯವೇ ಮುಖ್ಯ. ಆದ್ದರಿಂದ ಹೋಗುವಾಗ ಹಳೆಯ ಅಂಕಪಟ್ಟಿ, ನೋಟ್‌ಬುಕ್ ಸಿಕ್ಕಿದರೆ ತೆಗೆದುಕೊಂಡು ಹೋಗಿ. ಬಾಲ್ಯ ಬಲ್ಲ ಹಿರಿಯರೊಬ್ಬರು ಜೊತೆಗಿರಲಿ. ಕಿವಿ, ಕಣ್ಣು, ನಿದ್ದೆ, ಥೈರಾಯ್ಡ್, ಖಿನ್ನತೆ ಇವುಗಳಿಂದಲೂ ಕೆಲಸದಲ್ಲಿ ಎಡವಟ್ಟಾಗಬಹುದು. ಅದನ್ನೂ ಡಾಕ್ಟರರೇ ಬೇರ್ಪಡಿಸಬೇಕು. ಮೊಬೈಲಿನಲ್ಲಿ ಹತ್ತು ಪ್ರಶ್ನೆಗೆ ಉತ್ತರ ಒತ್ತಿ ನಾವೇ ಹೆಸರಿಡುವುದು ಸರಿಯಲ್ಲ.

ಆಟಿಸಂ ಪ್ರಮಾಣಪತ್ರಕ್ಕೆ ನಮ್ಮ ದೇಶದಲ್ಲೇ ತಯಾರಾದ, ಐಎಸ್‌ಎಎ ಎಂಬ 40 ಅಂಶಗಳ ಅಳತೆಪಟ್ಟಿ ಇದೆ. ಕಲಿಕಾ ನ್ಯೂನತೆಗೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆ ಇದೆ, ಆದರೆ ಅದು ಮಕ್ಕಳಿಗೆಂದೇ ಮಾಡಿದ್ದು. ದೊಡ್ಡವರ ವಿಷಯದಲ್ಲಿ ತಾಳ್ಮೆ ಬೇಕು. ಎರಡು ಮೂರು ಸಲ ಓಡಾಡಬೇಕಾದೀತು.

ನಮ್ಮ ಭಾಗದವರು ಮೊದಲು ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಅದರಾಚೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಯುಡಿಐಡಿ ಕಾರ್ಡಿನ ಅರ್ಜಿಗೆ ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರು ಸಹಾಯ ಮಾಡುತ್ತಾರೆ.

ಇಲ್ಲೇ ಆ ತಾಯಿ ಹಿಂದೆ ಸರಿದರು. "ಕಾರ್ಡ್ ಬೇಡ ಉಸ್ತಾದರೇ. ಮಗಳ ಮದುವೆ ಬಾಕಿ ಇದೆ. ಊರಿಗೆಲ್ಲ ಗೊತ್ತಾದರೆ ಸಂಬಂಧ ಯಾರು ಕೇಳ್ತಾರೆ?" ನಮ್ಮ ಮನೆಗಳಲ್ಲಿ ಈ ಭಯ ಸುಳ್ಳಲ್ಲ. ಒತ್ತಾಯ ಮಾಡಲು ನಮಗೆ ಮನಸ್ಸಾಗಲಿಲ್ಲ. ಕಾರ್ಡ್ ಮಾಡಿಸುವುದು, ಬಿಡುವುದು ಅವರಿಗೆ ಸೇರಿದ್ದು. ಆದರೆ ಅಂದು ನಮಗೂ ಒಂದು ವಿಷಯ ಸ್ಪಷ್ಟವಾಯಿತು. ಸರಕಾರಿ ಸೌಲಭ್ಯಕ್ಕೆ ಕಾರ್ಡ್ ಬೇಕು. ಮಾಲಕರು ಕೆಲಸ ಹೇಳುವ ರೀತಿ ಬದಲಿಸಲು ಯಾವ ಕಾರ್ಡೂ ಬೇಡ.

ಎರಡನೆಯ ತಪಾಸಣೆ ಅಂಗಡಿಯಲ್ಲಿ

ಡಾಕ್ಟರರ ತಪಾಸಣೆ ಮನುಷ್ಯನದ್ದು. ಅಂಗಡಿಯಲ್ಲಿ ಆಗಬೇಕಾದದ್ದು ಕೆಲಸದ ತಪಾಸಣೆ. ಅವನು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ? ಕೇಳಿಸಿಕೊಳ್ಳುವಲ್ಲೋ, ನೆನಪಿಡುವಲ್ಲೋ, ಓದುವಲ್ಲೋ, ಸದ್ದಿನಲ್ಲೋ, ಗಿರಾಕಿಯ ಜೊತೆ ಮಾತಿನಲ್ಲೋ? ಒಂದು ವಾರ ನೋಡಿದರೆ ಗೊತ್ತಾಗುತ್ತದೆ. ಎಲ್ಲಕ್ಕಿಂತ ಮೊದಲು ಅವನನ್ನೇ ಕೇಳಬೇಕು. ನಾವು ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಒಂದೊಂದೇ ಹೇಳಿದರೆ ಆಗ್ತದೆ." ಮೂರು ಕೆಲಸ ಕಳೆದುಕೊಂಡರೂ ಯಾರೂ ಅವನನ್ನು ಇದನ್ನು ಕೇಳಿರಲಿಲ್ಲ, ನಾವೂ ಸೇರಿ.

ಈಗ ಅವನು ಬೇರೊಬ್ಬರ ಹೋಟೆಲಿನಲ್ಲಿದ್ದಾನೆ. ಆ ಮಾಲಕರು ಮಾಡಿದ ಬದಲಾವಣೆಗೆ ಹೆಚ್ಚು ಖರ್ಚಾಗಿಲ್ಲ. ಒಂದು ಸಲಕ್ಕೆ ಒಂದೇ ಕೆಲಸ, ಅದೂ ಹತ್ತಿರ ಹೋಗಿ ಹೇಳುವುದು. ದಿನದ ಕೆಲಸಗಳನ್ನು ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಾರೆ. ಗ್ರೈಂಡರ್ ಹಾಕುವ ಮೊದಲು ತಿಳಿಸುತ್ತಾರೆ, ಆ ಹೊತ್ತಿಗೆ ಅವನಿಗೆ ಸ್ಟೋರ್ ರೂಮಿನ ಕೆಲಸ. ಅಕ್ಕಿ, ಮೈದಾ, ಸಕ್ಕರೆ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬುದು ಅವನ ಬಾಯಲ್ಲೇ ಇರುತ್ತದೆ. ಇದೇನು ಪವಾಡವಲ್ಲ. ಹಬ್ಬ, ಜಾತ್ರೆಯ ನೂಕುನುಗ್ಗಲಿನಲ್ಲಿ ಈಗಲೂ ಅವನಿಗೆ ಆಗುವುದಿಲ್ಲ, ಮನೆಗೆ ಹೋಗಿಬಿಡುತ್ತಾನೆ. ಮಾಲಕರು ಅದನ್ನು ಲೆಕ್ಕದಲ್ಲಿಟ್ಟುಕೊಂಡೇ ಕೆಲಸ ಹಂಚುತ್ತಾರೆ.

ನಮ್ಮ ಹೆದ್ದಾರಿಯಲ್ಲೇ ಮುಂದೆ ಸಿಗುವ ಹುಬ್ಬಳ್ಳಿಯಲ್ಲಿ ಇದನ್ನು ದೊಡ್ಡದಾಗಿ ಮಾಡಿ ತೋರಿಸಿದವರಿದ್ದಾರೆ. ಅಲೀನಾ ಆಲಂ ಎಂಬ ಯುವತಿ 2017ರಲ್ಲಿ ಅಲ್ಲಿನ ಕಾಲೇಜು ಆವರಣವೊಂದರಲ್ಲಿ 'ಮಿಟ್ಟಿ ಕೆಫೆ' ಶುರು ಮಾಡಿದರು. ಅಡುಗೆ ಮಾಡುವವರು, ಬಡಿಸುವವರು ಎಲ್ಲ ವಿಕಲಚೇತನರು. ಬುದ್ಧಿಯ ಬೆಳವಣಿಗೆಯಲ್ಲಿ ತೊಡಕಿರುವವರೂ ಅವರಲ್ಲಿದ್ದಾರೆ. 2023ರ ನವೆಂಬರ್‌ನಲ್ಲಿ ದಿಲ್ಲಿಯ ಸುಪ್ರೀಂ ಕೋರ್ಟ್ ಆವರಣದಲ್ಲೂ ಅವರ ಕೆಫೆ ತೆರೆಯಿತು. ಬೆಂಗಳೂರಿನ ಎಸ್‌ಎಪಿ ಲ್ಯಾಬ್ಸ್ ಎಂಬ ಸಾಫ್ಟ್‌ವೇರ್ ಕಂಪೆನಿ ಆಟಿಸಂ ಇರುವವರನ್ನು ತಪ್ಪು ಹುಡುಕುವ ಪರೀಕ್ಷಾ ಕೆಲಸಕ್ಕೆ ತೆಗೆದುಕೊಂಡು ಹತ್ತು ವರ್ಷದ ಮೇಲಾಯಿತು. ಹೋಟೆಲ್ ಕೆಲಸ ನಮ್ಮವರಿಗೆ ಹೊಸದಾ? ಹುಬ್ಬಳ್ಳಿಯಲ್ಲಿ ಆಗುವುದು ನಮ್ಮ ಗಲ್ಲಾದ ಎದುರು ಯಾಕೆ ಆಗಬಾರದು?

ಕಾನೂನು ಏನು ಹೇಳುತ್ತದೆ?

2016ರ ಕಾಯ್ದೆ ಇದನ್ನು ಸಮಂಜಸ ಹೊಂದಾಣಿಕೆ ಎನ್ನುತ್ತದೆ. ಅಂದರೆ ಮಾಲಕರಿಗೆ ಮಿತಿಮೀರಿದ ಹೊರೆಯಾಗದಂತೆ ಕೆಲಸದಲ್ಲಿ ಮಾಡಿಕೊಡುವ ಬದಲಾವಣೆ. ಸರಕಾರಿ ಸಂಸ್ಥೆಗಳಿಗೆ ಇದು ಕಡ್ಡಾಯ. ಇಪ್ಪತ್ತು ಅಥವಾ ಹೆಚ್ಚು ಮಂದಿ ಕೆಲಸಕ್ಕಿರುವ ಖಾಸಗಿ ಸಂಸ್ಥೆಗಳೂ ವಿಕಲಚೇತನರಿಗೆ ಕೊಡುವ ಸೌಕರ್ಯಗಳ ಬಗ್ಗೆ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. ಸರಕಾರಿ ಉದ್ಯೋಗದ ಶೇ. 4 ಮೀಸಲಾತಿಯಲ್ಲಿ ಆಟಿಸಂ, ಕಲಿಕಾ ನ್ಯೂನತೆ ಇರುವವರಿಗೂ ಪಾಲಿದೆ. ಇನ್ನೊಂದು ವಿಷಯ ಚಿಕ್ಕ ಅಂಗಡಿಯವರಿಗೂ ಅನ್ವಯಿಸುತ್ತದೆ. ವಿಕಲಚೇತನರನ್ನು ಬೇಕೆಂದೇ ಸಾರ್ವಜನಿಕವಾಗಿ ಅವಮಾನಿಸಿದರೆ ಸೆಕ್ಷನ್ 92ರ ಪ್ರಕಾರ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ದಂಡ. "ಏ ಮಂಡೆ ಇಲ್ಲದವನೇ" ಎಂದು ಗಿರಾಕಿಗಳ ಎದುರು ಕರೆದು ನಗುವವರು ಇದನ್ನು ನೆನಪಿಡಿ.

'ಪಾಪ' ಎಂದು ಇಟ್ಟುಕೊಂಡು ಊಟ, ಬಟ್ಟೆ ಕೊಟ್ಟು ಸಂಬಳ ಕೊಡದವರೂ ನಮ್ಮಲ್ಲಿದ್ದಾರೆ. ಅದನ್ನು ದಾನ ಎಂದು ಲೆಕ್ಕ ಹಾಕಬೇಡಿ. ದುಡಿದವನ ಕೂಲಿ ಅವನ ಹಕ್ಕು.

ನಮ್ಮ ಚರಿತ್ರೆಯಲ್ಲಿ ಇದಕ್ಕೆ ದಾರಿ ಇದೆ. ಅಬ್ದುಲ್ಲಾಹ್ ಇಬ್ನು ಉಮ್ಮಿ ಮಕ್ತೂಮ್ (ರ) ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಮದೀನಾದಲ್ಲಿ ಬೆಳಗಿನ ಬಾಂಗ್ ಕೊಡುವ ಕೆಲಸ ಅವರದ್ದಾಗಿತ್ತು. ಬೆಳಗಾದದ್ದು ಅವರಿಗೆ ಹೇಗೆ ತಿಳಿಯಬೇಕು? ಬೆಳಗಾಯಿತು ಎಂದು ಬೇರೆಯವರು ಹೇಳುತ್ತಿದ್ದರು, ಅವರು ಬಾಂಗ್ ಕೊಡುತ್ತಿದ್ದರು. ಕಣ್ಣಿಲ್ಲ ಎಂದು ಕೆಲಸ ತಪ್ಪಿಸಲಿಲ್ಲ. ಕೆಲಸಕ್ಕೆ ಒಂದು ಮಾತಿನ ಸಹಾಯ ಸೇರಿಸಿದರು, ಅಷ್ಟೇ.

ಆ ತಾಯಿ ಕಳೆದ ತಿಂಗಳು ಮತ್ತೆ ಬಂದಿದ್ದರು. ಮಗನ ಸಂಬಳದಲ್ಲಿ ಮದ್ರಸದ ಮಕ್ಕಳಿಗೆಂದು ಒಂದು ಪೆಟ್ಟಿಗೆ ಬಿಸ್ಕತ್ತು ತಂದಿದ್ದರು. ಹಂಚುವಾಗ ಒಬ್ಬ ಹುಡುಗ ಹಿಂದಿನ ಸಾಲಿನಲ್ಲಿ ಪುಸ್ತಕ ಮುಚ್ಚಿಟ್ಟು, ಪಕ್ಕದವನು ಓದುವುದನ್ನು ಕೇಳುತ್ತಾ ತುಟಿ ಆಡಿಸುತ್ತಿದ್ದ. ಈ ಸಲ ನಾವು ಅವನನ್ನು ಎದ್ದು ನಿಲ್ಲಿಸಲಿಲ್ಲ. ಪಕ್ಕಕ್ಕೆ ಕರೆದು ಕೇಳಿದೆವು: "ಮೋನೇ, ನಿನಗೆ ಹೇಗೆ ಹೇಳಿಕೊಟ್ಟರೆ ಸುಲಭ ಆಗ್ತದೆ?"