ಬೆಲ್ಲಾ ಏನನ್ನು ಕಳೆದುಕೊಂಡಳು?

2008ರ ಆಗಸ್ಟ್ 2ರಂದು ಅಮೆರಿಕದ ಪುಸ್ತಕದಂಗಡಿಗಳು ನಡುರಾತ್ರಿಯಲ್ಲಿ ಬಾಗಿಲು ತೆರೆದವು. ಹೊರಗೆ ಸಾಲುಗಟ್ಟಿ ನಿಂತವರಲ್ಲಿ ಹೆಚ್ಚಿನವರು ಹದಿಹರೆಯದ ಹುಡುಗಿಯರು. ಅವರು ಕಾದಿದ್ದುದು ಸ್ಟೆಫನಿ ಮೆಯರ್ ಬರೆದ ಟ್ವೈಲೈಟ್ ಸರಣಿಯ ನಾಲ್ಕನೆಯ ಕಾದಂಬರಿ ‘ಬ್ರೇಕಿಂಗ್ ಡಾನ್’ಗಾಗಿ. ಮೊದಲ 24 ಗಂಟೆಗಳಲ್ಲಿ ಅಮೆರಿಕವೊಂದರಲ್ಲೇ 13 ಲಕ್ಷ ಪ್ರತಿಗಳು ಖರ್ಚಾದವು. ಏಳುನೂರೈವತ್ತು ಪುಟ ಓದಿ ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು. ಆಮೇಲೆ ಆ ಸಾಲಿನಲ್ಲಿ ನಿಂತಿದ್ದವರಲ್ಲೇ ಬಹಳ ಮಂದಿ ಸಿಟ್ಟಿಗೆದ್ದರು. ಪುಸ್ತಕ ಸುಡುವುದು ಬೇಡ, ಕೊಂಡ ಅಂಗಡಿಗೇ ಹಿಂತಿರುಗಿಸಿ ದುಡ್ಡು ವಾಪಸ್ ಕೇಳೋಣ ಎಂಬ ಕರೆ ಓದುಗರ ನಡುವೆಯೇ ಹುಟ್ಟಿತು.

ಮಾರಾಟದ ದಾಖಲೆಗಿಂತ ನನಗೆ ಈ ಸಿಟ್ಟೇ ಮುಖ್ಯ. ಪುಸ್ತಕವನ್ನು ಓದದೆ ಬೈದವರು ಆಗ ಬೇಕಾದಷ್ಟಿದ್ದರು. ಈ ಹುಡುಗಿಯರು ಮಾತ್ರ ಓದಿ, ಮತ್ತೆ ಓದಿ, ಸಾಲು ಸಾಲನ್ನೂ ಬಾಯಿಪಾಠ ಮಾಡಿಕೊಂಡ ಮೇಲೆ ಜಗಳಕ್ಕೆ ನಿಂತವರು.

ಕಥೆ ತಿಳಿಯದವರಿಗಾಗಿ ನಾಲ್ಕು ಮಾತು. ಮೆಯರ್ ಅರಿಜೋನಾ ರಾಜ್ಯದ ಗೃಹಿಣಿ, ಮಾರ್ಮನ್ ಪಂಥದವರು. 2003ರ ಜೂನ್‌ನಲ್ಲಿ ಬಿದ್ದ ಒಂದು ಕನಸಿನಿಂದ ಕಥೆ ಹುಟ್ಟಿತು, ಮೂರು ತಿಂಗಳಲ್ಲಿ ಕಾದಂಬರಿ ಮುಗಿಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. 2005ರಲ್ಲಿ ‘ಟ್ವೈಲೈಟ್’ ಪ್ರಕಟವಾಯಿತು. ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ, ಸದಾ ಮಳೆ ಸುರಿಯುವ ಸಣ್ಣ ಊರಿಗೆ ಹದಿನೇಳರ ಬೆಲ್ಲಾ ಬರುತ್ತಾಳೆ. ಸಹಪಾಠಿ ಎಡ್ವರ್ಡ್ ಕಲ್ಲನ್ 1918ರಲ್ಲಿ ಸಾಯಬೇಕಾಗಿದ್ದವನು, ವ್ಯಾಂಪೈರ್ ಆಗಿ ಉಳಿದವನು. ಅವನ ಮನೆಯವರು ಮನುಷ್ಯರ ರಕ್ತ ಮುಟ್ಟದೆ ಪ್ರಾಣಿಗಳ ರಕ್ತದಲ್ಲೇ ಬದುಕುತ್ತಾರೆ. ಬೆಲ್ಲಾಳ ಇನ್ನೊಬ್ಬ ಗೆಳೆಯ ಜೇಕಬ್, ತೋಳವಾಗಿ ಮಾರ್ಪಡಬಲ್ಲ ಹುಡುಗ. ಎಡ್ವರ್ಡ್ ಪಕ್ಷ, ಜೇಕಬ್ ಪಕ್ಷ ಎಂದು ಓದುಗರೇ ಎರಡಾಗಿ ಟೀ ಶರ್ಟು ತೊಟ್ಟರು.

ತಕರಾರು ಮೊದಲಿನಿಂದಲೂ ಇತ್ತು. ಬೆಲ್ಲಾ ಮಲಗಿರುವಾಗ ಎಡ್ವರ್ಡ್ ಅವಳ ಕೋಣೆಗೆ ಬಂದು ನೋಡುತ್ತಾ ಕೂರುತ್ತಾನೆ. ಮೂರನೆಯ ಪುಸ್ತಕದಲ್ಲಿ, ಅವಳು ಜೇಕಬ್‌ನನ್ನು ಕಾಣಲು ಹೋಗದಂತೆ ಅವಳ ಗಾಡಿಯ ಎಂಜಿನ್ನಿನ ಭಾಗವನ್ನೇ ಬಿಚ್ಚಿಡುತ್ತಾನೆ. ಅದೇ ಪುಸ್ತಕದಲ್ಲಿ ಜೇಕಬ್ ಅವಳನ್ನು ಬಲವಂತವಾಗಿ ಚುಂಬಿಸುತ್ತಾನೆ. ಅವನಿಗೆ ಗುದ್ದಲು ಹೋಗಿ ಅವಳ ಕೈಮೂಳೆಯೇ ಮುರಿಯುತ್ತದೆ. ಎರಡನೆಯ ಪುಸ್ತಕದಲ್ಲಿ ಎಡ್ವರ್ಡ್ ಬಿಟ್ಟು ಹೋದ ಮೇಲೆ ಕೆಲವು ಪುಟಗಳಲ್ಲಿ ತಿಂಗಳ ಹೆಸರು ಬಿಟ್ಟರೆ ಬೇರೇನೂ ಇಲ್ಲ. ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ. ಆ ಪುಟಗಳನ್ನು ನಾನು ಮೆಚ್ಚುತ್ತೇನೆ. ಹದಿನೆಂಟರ ವಯಸ್ಸಿನಲ್ಲಿ ಮನಸ್ಸು ಮುರಿದಾಗ ದಿನಗಳು ಹೀಗೇ ಬರಿದಾಗಿ ಹೋಗುತ್ತವೆ. ಆದರೆ ಹುಡುಗನಿಲ್ಲದಿದ್ದರೆ ಹುಡುಗಿಯ ಬದುಕಿನಲ್ಲಿ ಬರೆಯಲು ಏನೂ ಇಲ್ಲವೇ ಎಂದು ಕೇಳಿದ ಓದುಗರದ್ದೂ ನ್ಯಾಯವಾದ ಪ್ರಶ್ನೆ.

ನಾನಾಗ ಬೆಂಗಳೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಹುಡುಗಿಯರು ಈ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಓದುತ್ತಿದ್ದರು. ಬೆನ್ನಿಗೆ ಗೋಂದುಪಟ್ಟಿ ಹಚ್ಚಿದ, ಮೂಲೆ ಮಡಚಿದ ಒಂದು ‘ಬ್ರೇಕಿಂಗ್ ಡಾನ್’ ಕೊನೆಗೆ ನನ್ನ ಮೇಜಿಗೂ ಬಂತು. ತಂದುಕೊಟ್ಟ ಎರಡನೇ ವರ್ಷದ ಹುಡುಗಿ ಹೇಳಿದಳು: “ಮೇಡಂ, ಓದಿ ನೋಡಿ. ಇಷ್ಟೆಲ್ಲಾ ಆಗಿ ಅವಳು ಏನನ್ನೂ ಕಳ್ಕೊಳ್ಳೋದೇ ಇಲ್ಲ.”

ಆ ಪುಸ್ತಕದ ಬಗ್ಗೆ ಅದಕ್ಕಿಂತ ನಿಖರವಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಯಾಕೆಂದು ವಿವರಿಸುತ್ತೇನೆ. ವ್ಯಾಂಪೈರ್ ಆಗಬೇಕಾದರೆ ಬೆಲ್ಲಾ ಭಾರೀ ಬೆಲೆ ತೆರಬೇಕು ಎಂದು ಮೊದಲ ಮೂರು ಪುಸ್ತಕಗಳು ಮತ್ತೆ ಮತ್ತೆ ಹೇಳಿದ್ದವು. ಹೆತ್ತವರನ್ನು ಬಿಡಬೇಕು, ತಾಯ್ತನದ ಆಸೆ ಬಿಡಬೇಕು, ಹೊಸದಾಗಿ ವ್ಯಾಂಪೈರ್ ಆದವರು ರಕ್ತದ ಹುಚ್ಚಿನಲ್ಲಿ ವರ್ಷಗಟ್ಟಲೆ ತಮ್ಮ ಹಿಡಿತದಲ್ಲಿ ತಾವಿರುವುದಿಲ್ಲ. ಮೂರನೆಯ ಪುಸ್ತಕದಲ್ಲಿ ಅಂಥವರ ಒಂದು ಸೈನ್ಯವನ್ನೇ ಲೇಖಕಿ ತೋರಿಸಿದ್ದರು. ನಾಲ್ಕನೆಯದರಲ್ಲಿ ಈ ನಿಯಮಗಳೆಲ್ಲ ಒಂದೊಂದಾಗಿ ಸಡಿಲವಾದವು. ಮದುವೆಯಾದ ಕೂಡಲೇ ಬೆಲ್ಲಾ ಗರ್ಭಿಣಿ. ಬಸುರಿನ ಅಧ್ಯಾಯಗಳು ನಿಜಕ್ಕೂ ಭಯಂಕರವಾಗಿವೆ; ಒಳಗಿನ ಮಗು ಅವಳ ಪಕ್ಕೆಲುಬು ಮುರಿಯುತ್ತದೆ, ಅವಳು ಮುಚ್ಚಳದ ಲೋಟದಲ್ಲಿ ಸ್ಟ್ರಾ ಇಟ್ಟುಕೊಂಡು ರಕ್ತ ಕುಡಿಯುತ್ತಾಳೆ. ಮೆಯರ್ ಬರೆದ ಅತ್ಯಂತ ಗಟ್ಟಿಯಾದ ಪುಟಗಳು ಅವು ಎಂದೇ ನನ್ನ ಅಭಿಪ್ರಾಯ. ಆದರೆ ಹೆರಿಗೆ ಮುಗಿದು ಕಣ್ಣು ತೆರೆದ ಬೆಲ್ಲಾ ಅಪ್ರತಿಮ ಸುಂದರಿ. ಮೊದಲ ಬೇಟೆಯಲ್ಲೇ ಮನುಷ್ಯರ ವಾಸನೆ ಮೂಗಿಗೆ ಬಡಿದರೂ ಬೆನ್ನು ತಿರುಗಿಸಿ ಓಡುವಷ್ಟು ಸಂಯಮಿ. ಅಪ್ಪ ಚಾರ್ಲಿ ಮನೆಗೇ ಬಂದು ಹೋಗಿ ಮಾಡುತ್ತಾನೆ. ಮಗಳೂ ಉಂಟು.

ಜೇಕಬ್‌ನ ಕಥೆಯನ್ನು ಮುಗಿಸಿದ ರೀತಿ ಇನ್ನಷ್ಟು ಜನರನ್ನು ಕೆರಳಿಸಿತು. ತೋಳಮಾನವರಿಗೆ ತಮ್ಮ ಸಂಗಾತಿಯನ್ನು ಕಂಡ ಕ್ಷಣದಲ್ಲೇ, ಇಚ್ಛೆಯ ಮಾತೇ ಇಲ್ಲದೆ, ಬಿಡಿಸಲಾಗದ ಬಂಧ ಬೀಳುತ್ತದೆಂಬುದು ಈ ಕಥೆಯ ಕಟ್ಟಳೆ. ಜೇಕಬ್‌ಗೆ ಆ ಬಂಧ ಬೀಳುವುದು ಬೆಲ್ಲಾಳ ನವಜಾತ ಶಿಶುವಿನೊಂದಿಗೆ. ಮಗು ದೊಡ್ಡದಾಗುವವರೆಗೆ ಅವನು ಅಣ್ಣನಂತೆ ಇರುತ್ತಾನೆಂಬ ಸಮಜಾಯಿಷಿ ಪುಸ್ತಕದಲ್ಲಿದೆ. ಓದುಗರು ಅದನ್ನು ಒಪ್ಪಲಿಲ್ಲ, ನಾನೂ ಒಪ್ಪುವುದಿಲ್ಲ. ತೊಟ್ಟಿಲ ಕೂಸಿನ ಮುಂದಿನ ಬದುಕನ್ನು ಬೇರೆಯವರು ಬರೆದಿಡುವುದನ್ನು ಪ್ರೇಮವೆಂದು ಕರೆಯಲಾಗದು.

ಇನ್ನು ಕೊನೆಯ ಯುದ್ಧ. ಇಟಲಿಯಿಂದ ವ್ಯಾಂಪೈರ್ ಲೋಕದ ಅಧಿಪತಿಗಳು ದಂಡೆತ್ತಿ ಬರುತ್ತಾರೆ, ಹಿಮ ಬಿದ್ದ ಬಯಲಿನಲ್ಲಿ ಎರಡು ಪಕ್ಷಗಳೂ ಎದುರುಬದುರು ನಿಲ್ಲುತ್ತವೆ, ಮಾತುಕತೆಯಾಗುತ್ತದೆ, ಅವರು ಹೊರಟುಹೋಗುತ್ತಾರೆ. ಮೆಯರ್ ಇದನ್ನು ಉದ್ದೇಶಪೂರ್ವಕವಾಗಿಯೇ ಹೀಗೆ ಬರೆದರು. ಶೇಕ್ಸ್‌ಪಿಯರನ ‘ದ ಮರ್ಚೆಂಟ್ ಆಫ್ ವೆನಿಸ್’ ನಾಟಕದ ನ್ಯಾಯಾಲಯದ ದೃಶ್ಯದಂತೆ ಜಗಳ ಬುದ್ಧಿಯಲ್ಲೇ ತೀರ್ಮಾನವಾಗಬೇಕೆಂಬುದು ಅವರ ಆಲೋಚನೆ. ಆಲಿಸ್ ಎಂಬ ಪಾತ್ರ ಚೀಟಿ ಬರೆದಿಡುವುದೂ ಆ ನಾಟಕದ ಹರಿದ ಪುಟದ ಮೇಲೆಯೇ. ನಾಟಕ ಪಾಠ ಮಾಡುವ ನನಗೆ ಈ ಹೆಣಿಗೆ ಹಿಡಿಸಿತು. ಆದರೆ ಆ ನಾಟಕದಲ್ಲಿ ಒಬ್ಬನು ಸರ್ವಸ್ವವನ್ನೂ ಕಳೆದುಕೊಂಡು ರಂಗ ಬಿಡುತ್ತಾನೆ. ಇಲ್ಲಿ ಕಲ್ಲನ್ ಮನೆಯವರಲ್ಲಿ ಒಬ್ಬರಿಗೂ ಗೀರು ಗಾಯವಿಲ್ಲ. 2012ರ ಸಿನಿಮಾ ಘೋರ ಕದನವನ್ನೇ ತೋರಿಸಿ, ಕಡೆಗೆ ಅದೆಲ್ಲ ಆಲಿಸ್ ಕಂಡ ಭವಿಷ್ಯವಷ್ಟೇ ಎಂದಿತು.

ಈ ಜಗಳದ ಜೊತೆಜೊತೆಗೇ ಇನ್ನೊಂದು ಬಗೆಯ ವಿರೋಧವೂ ಬೆಳೆಯಿತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. 2009ರಲ್ಲಿ ಸ್ಯಾನ್ ಡಿಯಾಗೋದ ಕಾಮಿಕ್ ಕಾನ್ ಮೇಳಕ್ಕೆ ಟ್ವೈಲೈಟ್ ಅಭಿಮಾನಿಗಳು ದಂಡಿಯಾಗಿ ಬಂದಾಗ, ಇವರಿಂದ ಮೇಳವೇ ಕೆಟ್ಟಿತು ಎಂಬ ಫಲಕ ಹಿಡಿದವರಿದ್ದರು. ಹುಡುಗರು ಸೂಪರ್‌ಹೀರೋ ವೇಷ ತೊಟ್ಟು ಕುಣಿದರೆ ಉತ್ಸಾಹ, ಹುಡುಗಿಯರು ಎಡ್ವರ್ಡ್ ಹೆಸರು ಹೇಳಿ ಕೂಗಿದರೆ ಹುಚ್ಚು ಎಂಬ ಈ ಧೋರಣೆ ನನ್ನನ್ನು ಇಂದಿಗೂ ನೋಯಿಸುತ್ತದೆ. ನಮ್ಮಲ್ಲೂ ವಾರಪತ್ರಿಕೆಯ ಧಾರಾವಾಹಿಗಳಿಗೆ ಕಾದು ಕೂತ ಹೆಂಗಸರನ್ನು ಹೀಗೇ ಹಗುರವಾಗಿ ಕಂಡದ್ದುಂಟು. ಅವರೇನು ಓದುತ್ತಿದ್ದಾರೆ, ಓದಿ ಏನೆನ್ನುತ್ತಾರೆ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಓದುಗರ ಸಿಟ್ಟು ತಲುಪಲು ತಡವಾದ ಜಾಗವೂ ಒಂದಿದೆ. ಜೇಕಬ್‌ನ ಕ್ವಿಲಿಯೂಟ್ ಬುಡಕಟ್ಟು ಕಲ್ಪನೆಯದಲ್ಲ. ಫೋರ್ಕ್ಸ್ ಬಳಿಯ ಕಡಲತೀರದ ಲಾ ಪುಶ್‌ನಲ್ಲಿ ಆ ಜನ ಇಂದಿಗೂ ಇದ್ದಾರೆ. ತೋಳಗಳಿಂದ ತಮ್ಮ ಪೂರ್ವಜರು ಹುಟ್ಟಿದರೆಂಬುದು ಅವರ ಸೃಷ್ಟಿಕಥೆ. ಅದನ್ನು ಕಾದಂಬರಿ ತನಗೆ ಬೇಕಾದ ಹಾಗೆ ತಿರುಗಿಸಿಕೊಂಡಿತು. ಅವರ ಹೆಸರಿನ ಸರಕು ಎಲ್ಲೆಡೆ ಮಾರಾಟವಾಗುತ್ತಿದ್ದ ದಿನಗಳಲ್ಲಿ ಅವರು ಸುನಾಮಿ ಭಯದಿಂದ ಊರನ್ನು ಎತ್ತರದ ನೆಲಕ್ಕೆ ಸಾಗಿಸಲು ಹೆಣಗುತ್ತಿದ್ದರು. 2012ರ ಕಾನೂನೊಂದು ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಭೂಮಿಯನ್ನು ಅದಕ್ಕಾಗಿ ಬಿಟ್ಟುಕೊಟ್ಟಿತು. ಸಿಯಾಟಲ್‌ನ ಬರ್ಕ್ ಮ್ಯೂಸಿಯಂ ಅವರೊಡನೆ ಸೇರಿ ಟ್ವೈಲೈಟ್ ಹೇಳಿದ್ದೇನು, ನಿಜವೇನು ಎಂದು ವಿವರವಾಗಿ ದಾಖಲಿಸಿದೆ.

ಮೆಯರ್ ಟೀಕೆಗಳಿಗೆ ಕಿವಿಗೊಡಲಿಲ್ಲವೆಂದು ಹೇಳಲಾಗದು. ಬೆಲ್ಲಾ ಸದಾ ಯಾರಾದರೂ ಕಾಪಾಡಬೇಕಾದ ಅಬಲೆ ಎಂಬ ಮಾತಿಗೆ ಉತ್ತರವಾಗಿ, 2015ರಲ್ಲಿ ಮೊದಲ ಪುಸ್ತಕವನ್ನೇ ಗಂಡು ಹೆಣ್ಣು ಅದಲುಬದಲು ಮಾಡಿ ‘ಲೈಫ್ ಅಂಡ್ ಡೆತ್’ ಎಂದು ಮತ್ತೆ ಬರೆದರು. ಬೆಲ್ಲಾಳ ಜಾಗದಲ್ಲಿ ಬೋ ಎಂಬ ಹುಡುಗ, ಎಡ್ವರ್ಡ್ ಜಾಗದಲ್ಲಿ ಈಡಿತ್. ಅಂತ್ಯವನ್ನೂ ಬದಲಿಸಿದರು. ಬೋ ಮೊದಲ ಪುಸ್ತಕದಲ್ಲೇ ವ್ಯಾಂಪೈರ್ ಆಗುತ್ತಾನೆ. ಮಗ ಸತ್ತನೆಂದೇ ಹೆತ್ತವರು ನಂಬುತ್ತಾರೆ. ತನ್ನ ಅಂತ್ಯಕ್ರಿಯೆಯನ್ನು ಅವನು ದೂರದಿಂದ ನೋಡುತ್ತಾನೆ, ಅಪ್ಪ ಅಮ್ಮನ ಹತ್ತಿರ ಹೋಗುವಂತಿಲ್ಲ. 2008ರಲ್ಲಿ ಆ ಹುಡುಗಿಯರು ಕೇಳಿದ್ದ ಬೆಲೆ ಇದೇ. ಅದನ್ನು ಬರೆಯಲು ಮೆಯರ್‌ಗೆ ಬರುತ್ತಿತ್ತು. ಬೆಲ್ಲಾಳಿಗೂ ಬರೆಯಬೇಕಿತ್ತು ಎಂಬ ನನ್ನ ವಿದ್ಯಾರ್ಥಿನಿಯ ತಕರಾರಿನಲ್ಲಿ ನಾನೂ ಅವಳ ಪಕ್ಷವೇ.